ಹೊಸ್ತಿಲಾಚೆ ನಿಂತ ಪ್ರತಿಭೆ

ಧಾರವಾಡ ಎಂದೊಡನೆ ಏನು ನೆನಪಾಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಪೇಡೆ ಎನ್ನುತ್ತಾರೆ, ಇನ್ನೊಬ್ಬರು ಬೇಂದ್ರೆಯವರ ಸಾಧನಕೇರಿ ಎನ್ನುತ್ತಾರೆ, ಮತ್ತೊಬ್ಬರು ಮಲ್ಲಿಕಾರ್ಜುನ ಮನ್ಸೂರರ ಹೆಸರು ತೆಗೆಯುತ್ತಾರೆ. ಕ್ರಿಕೆಟ್ ಎನ್ನುವವರು ಸಿಗುವುದು ಕಷ್ಟ. ಆದರೆ ಭಾರತದ ಮೊದಲ ದೊಡ್ಡ ಬೌಲರ್ ಎಂದು ಇತಿಹಾಸಕಾರರು ಗುರುತಿಸುವ ಪಾಲ್ವಣಕರ್ ಬಾಲೂ ಹುಟ್ಟಿದ್ದು ಇದೇ ಧಾರವಾಡದಲ್ಲಿ, 1876ರ ಸುಮಾರಿಗೆ. ಅದಾಗಿ ಮೂರೂವರೆ ದಶಕ ಕಳೆದ ಮೇಲೆ, 1913ರಲ್ಲಿ, ಇದೇ ಊರಿನ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿ ಹಾನಗಲ್ ಹುಟ್ಟಿದರು. ಅವರು ದೇಶಕ್ಕೆ ಕಂಠದಿಂದ ಪರಿಚಿತರಾದರು, ಇವರು ಚೆಂಡಿನಿಂದ. ಇಬ್ಬರ ವಿದ್ಯೆಯೂ ಸಮಾಜಕ್ಕೆ ಬೇಕಾಗಿತ್ತು. ವಿದ್ಯಾವಂತರು ಮಾತ್ರ ಹೊಸ್ತಿಲಿನ ಹೊರಗೇ ಇರಬೇಕೆಂಬುದು ಆ ಸಮಾಜದ ಅಪೇಕ್ಷೆಯಾಗಿತ್ತು. ಇಂಥದೇ ಅನುಭವ, ಬೇರೆ ಕಾರಣಕ್ಕೆ, ಬೆಂಗಳೂರಿನಲ್ಲಿ ಆದದ್ದು ಕಮಲಾ ಸೊಹೋನಿ ಎಂಬ ವಿಜ್ಞಾನಿಗೆ. ಈ ಮೂವರ ಬಾಳನ್ನು ಒಟ್ಟಿಗೆ ಇಟ್ಟು ನೋಡುವುದು ಇಲ್ಲಿಯ ಉದ್ದೇಶ.

ಮೊದಲು ಬಾಲೂ. ಚಮ್ಮಾರ ಕುಟುಂಬದವರು, ಅಂದಿನವರ ಮಾತಿನಲ್ಲಿ ಅಸ್ಪೃಶ್ಯರು. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ತಂದೆಗೆ ಪುಣೆಯಲ್ಲಿ ಸೈನ್ಯಕ್ಕೆ ಸಂಬಂಧಿಸಿದ ಕೆಲಸ ಸಿಕ್ಕಿದ್ದರಿಂದ ಸಂಸಾರ ಅಲ್ಲಿಗೆ ಹೋಯಿತು. ಬಿಳಿಯ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮಂದಿರು ಆಟ ಕಲಿತರು. ಹುಡುಗನ ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. 1892ರಲ್ಲಿ ಯುರೋಪಿಯನ್ನರ ಕ್ಲಬ್ಬಿಗೆ ಹೋದಾಗ ಅದು 4 ರೂಪಾಯಿ ಆಯಿತು.

ಅಲ್ಲಿ ಆಗೊಮ್ಮೆ ಈಗೊಮ್ಮೆ ನೆಟ್ಟಿನಲ್ಲಿ ಸಾಹೇಬರಿಗೆ ಬೌಲ್ ಮಾಡುವ ಅವಕಾಶ ಸಿಕ್ಕಿತು. ಎಡಗೈಯಿಂದ ನಿಧಾನಗತಿಯ ಸ್ಪಿನ್. ಕ್ಯಾಪ್ಟನ್ ಗ್ರೇಗ್ ಆ ಕಾಲದ ಅತ್ಯುತ್ತಮ ದಾಂಡಿಗರಲ್ಲೊಬ್ಬ. ಅವನು ಬೇರೆಯವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂವಿನ ಎದುರು ಅಭ್ಯಾಸ ಮಾಡುತ್ತಿದ್ದನಂತೆ. ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನಂತೆ. ವಾರಕ್ಕೊಮ್ಮೆ ಔಟ್ ಮಾಡಿದರೂ ತಿಂಗಳಿಗೆ ಎರಡು ರೂಪಾಯಿ, ಎಂದರೆ ಅರ್ಧ ಸಂಬಳ! ಬಾಲೂ ಈ ಮೈದಾನದಲ್ಲಿ ನೂರಾರು ಗಂಟೆ ಬೌಲ್ ಮಾಡಿದರು. ಒಂದು ಸಲವೂ ಅವರ ಕೈಗೆ ಬ್ಯಾಟು ಕೊಟ್ಟವರಿಲ್ಲ. ಚೆಂಡು ಎಸೆಯುವುದು ದುಡಿಮೆ. ಬ್ಯಾಟು ಬೀಸುವುದು ದೊಡ್ಡವರ ಹಕ್ಕು.

ಸಾಹೇಬರನ್ನು ಔಟ್ ಮಾಡುವ ಆಳು ಒಬ್ಬನಿದ್ದಾನೆ ಎಂಬ ಸುದ್ದಿ ಪುಣೆಯ ಹಿಂದೂ ಆಟಗಾರರಿಗೆ ತಲುಪಿತು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆ ಅವರಿಗೆ. ಆದರೆ ತಂಡದಲ್ಲಿ ಮೇಲ್ಜಾತಿಯವರೇ ಹೆಚ್ಚು. ಅಸ್ಪೃಶ್ಯನನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂದು ದೊಡ್ಡ ಚರ್ಚೆಯಾಯಿತು. ಕೊನೆಗೆ ಗೆಲ್ಲುವ ಆಸೆಯೇ ಮೇಲಾಯಿತು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು, ಹಿಡಿದರು, ತೊಡೆಗೆ ತಿಕ್ಕಿ ಹೊಳಪಿಸಿದರು. ಚಹಾ ವಿರಾಮವಾದೊಡನೆ ಜಾತಿ ಮತ್ತೆ ನೆನಪಾಗುತ್ತಿತ್ತು. ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದರೆ, ಬಾಲೂಗೆ ಹೊರಗಡೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ಕೆಳಜಾತಿಯ ಆಳೇ ಮೈದಾನದ ಮೂಲೆಯಲ್ಲಿ ನೀರು ಹೊಯ್ಯಬೇಕು. ಚರ್ಮದ ಚೆಂಡಿಗೆ ಮಡಿಯಿಲ್ಲ, ಚಹಾಕ್ಕೆ ಮಾತ್ರ ಮಡಿ! ಈ ತರ್ಕವನ್ನು ಆ ತಂಡದವರು ಯಾವ ಶಾಸ್ತ್ರದಿಂದ ತೆಗೆದರೋ.

ವಿಕೆಟ್ಟುಗಳು ಬೀಳುತ್ತ ಹೋದಂತೆ ಈ ಕಟ್ಟಳೆ ಸ್ವಲ್ಪ ಸಡಿಲವಾಯಿತು. ಸಾತಾರಾದಲ್ಲಿ ಯುರೋಪಿಯನ್ನರು ಬಾಲೂವಿನ ಸ್ಪಿನ್ ತಿರುಗದಿರಲೆಂದು ಪಿಚ್ಚಿಗೆ ವಾರಗಟ್ಟಲೆ ರೋಲರ್ ಹೊಡೆಸಿದ್ದರೆನ್ನುತ್ತಾರೆ. ಆದರೂ ಬಾಲೂ 7 ವಿಕೆಟ್ ತೆಗೆದರು. ಪುಣೆಯ ಸಭೆಯಲ್ಲಿ ಮಹಾದೇವ ಗೋವಿಂದ ರಾನಡೆಯವರು ಬಾಲೂಗೆ ಹಾರ ಹಾಕಿದರು. ಬಾಲೂ ಜೊತೆ ಆಡಬಹುದಾದರೆ ಕೂತು ಉಣ್ಣಲೂ ಬಹುದು ಎಂದು ಅವರು ಆಟಗಾರರಿಗೆ ತಿಳಿಹೇಳಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಹೇಳಬೇಕಾದ ಮಾತನ್ನು ಹೇಳುವುದಕ್ಕೆ ರಾನಡೆಯವರೇ ಬೇಕಾಯಿತು.

1896ರಲ್ಲಿ ಬಾಲೂ ಮುಂಬಯಿಗೆ ಬಂದರು. ಹಿಂದೂ ಜಿಮಖಾನಾ ಪರವಾಗಿ ಆಡತೊಡಗಿದರು. ತಮ್ಮ ಶಿವರಾಮನೂ ತಂಡಕ್ಕೆ ಬಂದ. 1906ರ ಫೆಬ್ರುವರಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ನಡೆದ ಪಂದ್ಯ ಇಡೀ ಮುಂಬಯಿಯನ್ನು ಮೈದಾನಕ್ಕೆ ಸೆಳೆಯಿತು. ಹಿಂದೂಗಳು 242 ಮತ್ತು 160 ರನ್ ಹೊಡೆದರು. ಯುರೋಪಿಯನ್ನರು 191 ಮತ್ತು 102ಕ್ಕೆ ಉದುರಿದರು. ಗೆಲುವಿನ ಅಂತರ 109. ಆಳುವವರನ್ನು ಆಳಿಸಿಕೊಳ್ಳುವವರು ಸೋಲಿಸಿದ್ದರ ಅರ್ಥ ಆ ಕಾಲದಲ್ಲಿ ಏನಿರಬಹುದು, ಊಹಿಸಬಹುದು. ಈ ಹೊತ್ತಿಗೆ ಮುಂಬಯಿಯ ತಂಡದಲ್ಲಿ ಮೇಲ್ಜಾತಿಯವರು ಈ ಸಹೋದರರ ಜೊತೆ ಕೂತು ಊಟ ಮಾಡಲು ಶುರುಮಾಡಿದ್ದರು. ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಗೆಲುವಿಗಿಂತ ಇದನ್ನೇ ಹೆಚ್ಚು ಮೆಚ್ಚಿ ಬರೆಯಿತು. ಪುಣೆಯಿಂದ ಮುಂಬಯಿಗೆ ನೂರಿಪ್ಪತ್ತು ಮೈಲಿ. ಮಣ್ಣಿನ ಕುಡಿಕೆಯಿಂದ ಊಟದ ಪಂಕ್ತಿಗೆ ಬರಲು ಬಾಲೂಗೆ ಸುಮಾರು ಹತ್ತು ವರ್ಷ ಹಿಡಿಯಿತು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಮಹಾರಾಜರಿಗೆ ಆಟಕ್ಕಿಂತ ಔತಣಗಳಲ್ಲೇ ಹೆಚ್ಚು ಕೆಲಸ. 23 ಪಂದ್ಯಗಳಲ್ಲಿ ತಂಡ ಗೆದ್ದದ್ದು 6, ಸೋತದ್ದು 15. ಆ ಸೋಲುಗಳ ನಡುವೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ 103 ರನ್ ಕೊಟ್ಟು 8 ವಿಕೆಟ್. ಆಗ ಅವರಿಗೆ ವಯಸ್ಸು ಮೂವತ್ತೈದರ ಆಸುಪಾಸು, ಭುಜ ನೋಯುತ್ತಿತ್ತು. ಭಾರತದ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1932ರಲ್ಲಿ. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಈ ಹೆಸರಿಲ್ಲ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21 ಎಂಬ ಲೆಕ್ಕ ಮಾತ್ರ ಉಳಿದಿದೆ.

ಇಷ್ಟಾದರೂ ನಾಯಕತ್ವ? ಅದು ಮತ್ತೊಂದು ಹೊಸ್ತಿಲು. ಹಿಂದೂ ತಂಡದಲ್ಲಿ ಹಿರಿಯ ಆಟಗಾರ ಬಾಲೂ, ನಾಯಕರಾದವರು ಬೇರೆಯವರು. 1913ರಲ್ಲಿ ನಾಯಕರಾಗಿದ್ದ ಎಂ. ಡಿ. ಪೈ ಅವರು, ಈ ಗೌರವ ಅನುಭವಿಯಾದ ಗೆಳೆಯ ಬಾಲೂಗೆ ಸಲ್ಲಬೇಕಾಗಿತ್ತೆಂದು ಸಾರ್ವಜನಿಕವಾಗಿಯೇ ಹೇಳಿದರು. ಆಯ್ಕೆಗಾರರ ಕಿವಿಗೆ ಅದು ಬೀಳಲಿಲ್ಲ. 1920ರಲ್ಲಂತೂ ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ತಮ್ಮಂದಿರ ಹಿರಿತನವನ್ನೂ ಕಡೆಗಣಿಸಲಾಯಿತು. ಆಗ ಶಿವರಾಮ ಮತ್ತು ವಿಠ್ಠಲ ಇಬ್ಬರೂ ತಂಡದಿಂದ ಹೊರನಡೆದು, ಕಾರಣವನ್ನು ಪತ್ರಿಕೆಗಳಲ್ಲಿ ಬಿಚ್ಚಿಟ್ಟರು. ಅದೇ ವರ್ಷ ಕಾಂಗ್ರೆಸ್ ಅಸ್ಪೃಶ್ಯತೆಯ ವಿರುದ್ಧ ದನಿ ಎತ್ತಿತ್ತು. ಜನಾಭಿಪ್ರಾಯ ಸಹೋದರರ ಕಡೆ ವಾಲಿತು. ಕೊನೆಗೆ ಒಂದು ವಿಚಿತ್ರವಾದ ರಾಜಿ: ಬಾಲೂ ಉಪನಾಯಕ, ನಾಯಕ ಪೈ ಸ್ವಲ್ಪ ಹೊತ್ತು ಬೇಕೆಂದೇ ಮೈದಾನದಿಂದ ಹೊರಗೆ ಹೋಗುವುದು, ಆಗ ತಂಡವನ್ನು ಬಾಲೂ ನಡೆಸುವುದು! ಹಿಂಬಾಗಿಲಿನಿಂದ ಕೊಟ್ಟ ಪಟ್ಟ. ತಮ್ಮ ವಿಠ್ಠಲನಿಗೆ 1923ರಲ್ಲಿ ಅದು ಮುಂಬಾಗಿಲಿನಿಂದಲೇ ಸಿಕ್ಕಿತು. ಆ ವರ್ಷ ಹಿಂದೂ ತಂಡ ಗೆದ್ದಾಗ ಪ್ರೇಕ್ಷಕರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಬಾಲೂ ಅವರ ವಿಕೆಟ್ಟುಗಳು ಅವರನ್ನು ಮೈದಾನದೊಳಗೆ ತಂದವು. ನಾಯಕತ್ವದ ತನಕ ಒಯ್ಯಲು ವಿಕೆಟ್ಟುಗಳಿಗೆ ಶಕ್ತಿ ಸಾಲಲಿಲ್ಲ. ತಮ್ಮಂದಿರು ತಮ್ಮ ಸ್ಥಾನವನ್ನೇ ಪಣಕ್ಕಿಟ್ಟು ಜಗಳ ತೆಗೆದದ್ದರಿಂದ ಆ ಬಾಗಿಲು ತೆರೆಯಿತು.

ದಲಿತ ಸಮುದಾಯದ ತರುಣರಿಗೆ ಬಾಲೂ ಆಗ ಕಣ್ಮಣಿ. ಅಂಬೇಡ್ಕರ್ ಅವರಿಗೂ ತಾರುಣ್ಯದಲ್ಲಿ ಅವರೆಂದರೆ ಅಭಿಮಾನ. ಮುಂದೆ ದಾರಿಗಳು ಕವಲೊಡೆದವು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಗಾಂಧೀಜಿ ಕಡೆ ನಿಂತರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಅವರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂಗೆ 11,225. ಸೋಲು ಅಷ್ಟೇನೂ ದೊಡ್ಡದಲ್ಲ. ಆದರೆ ಇತಿಹಾಸ ಅವರನ್ನು ಮರೆಯಲು ಅದೂ ಒಂದು ಕಾರಣವಾಗಿರಬೇಕು. 1955ರಲ್ಲಿ ತೀರಿಕೊಂಡರು. ರಾಮಚಂದ್ರ ಗುಹಾ ಅವರು 2002ರ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ವಿವರವಾಗಿ ಬರೆಯುವ ತನಕ ಕ್ರಿಕೆಟ್ ಹುಚ್ಚಿನ ಈ ದೇಶಕ್ಕೆ ಬಾಲೂ ಹೆಸರು ಬಹುತೇಕ ಅಪರಿಚಿತವಾಗಿತ್ತು.

ಮತ್ತೆ ಧಾರವಾಡಕ್ಕೆ ಬರೋಣ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರೂ ಧಾರವಾಡಕ್ಕೆ ಬಂದಾಗ ಅವರ ಹಾಡು ಕೇಳಿ ಮೆಚ್ಚಿದವರು. ಆದರೆ ಮನೆತನ ಹಾಡುವವರದು. ಹಾಡುವ ಹೆಂಗಸಿಗೆ ಸಭೆಯಲ್ಲಿ ಸಿಗುವ ಮನ್ನಣೆ ಬೀದಿಯಲ್ಲಿ ಸಿಗುತ್ತಿರಲಿಲ್ಲ. ಹುಡುಗಿ ಗಂಗೂ ಒಮ್ಮೆ ನೆರೆಯ ಸಿರಿವಂತರ ತೋಟದಲ್ಲಿ ಮಾವಿನಕಾಯಿ ಕದಿಯುವಾಗ ಸಿಕ್ಕಿಬಿದ್ದಳಂತೆ. ಮಾಲೀಕರಿಗೆ ಸಿಟ್ಟು ಬಂದದ್ದು ಮಾವಿನಕಾಯಿ ಹೋಯಿತೆಂದಲ್ಲ, ಹಾಡುವವರ ಮಗಳು ತೋಟ ಮೆಟ್ಟಿದಳಲ್ಲ ಎಂದು. ವರ್ಷಗಳ ನಂತರ ಅದೇ ನೆರೆಯವರು ಮನೆಗೆ ಕರೆಸಿ ಸನ್ಮಾನ ಮಾಡಿದರು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಕನ್ನಡಿಗರಿಗೆಲ್ಲ ಗೊತ್ತು. ಗಾಂಧೀಜಿ ಅಧ್ಯಕ್ಷರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದರ ಗಂಗೂಬಾಯಿಯೂ ಇದ್ದರು. ಅಷ್ಟು ದೊಡ್ಡ ಸಭೆಯ ಎದುರು ಹಾಡುವ ಅಂಜಿಕೆಗಿಂತ ಊಟದ ಹೊತ್ತಿನ ಅಂಜಿಕೆ ಆ ಮಗುವಿಗೆ ಹೆಚ್ಚಾಗಿತ್ತು. ಪಂಕ್ತಿಯಲ್ಲಿ ತನ್ನನ್ನು ಬೇರೆ ಕೂಡಿಸುತ್ತಾರೇನೋ, ಏನು ಅನ್ನುತ್ತಾರೋ ಎಂಬ ಭಯ. ಹಾಗೇನೂ ಆಗಲಿಲ್ಲ. ಆಗಲಿಲ್ಲ ಎಂಬುದನ್ನು ಅವರು ಮುಪ್ಪಿನವರೆಗೂ ನೆನಪಿಟ್ಟಿದ್ದರು.

ಮಗಳು ಹಿಂದೂಸ್ತಾನಿ ಕಲಿಯಲೆಂದು 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. ಎರಡು ಪದ್ಧತಿಗಳು ಬೆರೆತು ಮಗಳ ಸ್ವರ ಕೆಡಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿದರು. ಈ ತ್ಯಾಗದ ಬಗ್ಗೆ ಬರೆದವರು ಕಡಿಮೆ. ಕೃಷ್ಣಾಚಾರ್ಯ ಹುಲಗೂರರಲ್ಲಿ, ದತ್ತೋಪಂತ ದೇಸಾಯಿಯವರಲ್ಲಿ ಪಾಠವಾಯಿತು. ಆಮೇಲೆ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು. ಸಂಜೆ ಹೋಗಿ ಪಾಠ ಮುಗಿಸಿ ರಾತ್ರಿಯ ಗಾಡಿ ಹಿಡಿಯಬೇಕು. ಗುರುಗಳ ಮನೆಯಲ್ಲೇ ಇದ್ದ ತರುಣ ಭೀಮಸೇನ ಜೋಶಿ ಸ್ಟೇಷನ್ನಿನವರೆಗೆ ಜೊತೆಗೆ ಬರುತ್ತಿದ್ದುದನ್ನು ಗಂಗೂಬಾಯಿ ನೆನೆಯುತ್ತಿದ್ದರು. ದಾರಿಯಲ್ಲಿ ‘ಗಾನೇವಾಲಿ’ ಎಂದು ಹಂಗಿಸುವವರಿದ್ದರು. ಗುರು ಒಂದು ಪಲುಕನ್ನು ಹೇಳಿಕೊಟ್ಟರೆ ಅದು ಕೂಡುವ ತನಕ ಮುಂದಿನದು ಇಲ್ಲ. ದಿನಗಟ್ಟಲೆ ಅದೇ. ಗಂಗೂಬಾಯಿಯವರ ಹಾಡಿನಲ್ಲಿ ಸ್ವರಗಳು ಅವಸರವಿಲ್ಲದೆ, ಒಂದರ ಮೇಲೊಂದು ಕಟ್ಟಿದಂತೆ ಏರುವುದು ಈ ಪಾಠದ ಫಲ.

1930ರ ದಶಕದ ಆರಂಭದಲ್ಲಿ ಗ್ರಾಮಫೋನ್ ಕಂಪನಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ಹಾಡುಗಳನ್ನು ಮುದ್ರಿಸಿತು. ತೆಳುವಾದ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡುವ ದನಿ ಅದು. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ತಗ್ಗಿತು, ಗಡಸಾಯಿತು. ರೇಡಿಯೋದಲ್ಲಿ ಕೇಳಿದವರು ಗಂಡಸಿನ ಕಂಠವೆಂದೇ ತಿಳಿಯುತ್ತಿದ್ದರು. ಬೇರೆಯವರಾಗಿದ್ದರೆ ತಂಬೂರಿಯನ್ನು ಗವಸಿಗೆ ಹಾಕಿಬಿಡುತ್ತಿದ್ದರೇನೋ. ಇವರು ಆ ಹೊಸ ದನಿಗೆ ತಕ್ಕ ಗಾಂಭೀರ್ಯವನ್ನು ಕಂಡುಕೊಂಡರು. 1945ರ ನಂತರ ಲಘು ಸಂಗೀತ ಬಿಟ್ಟು ರಾಗಗಳಿಗೇ ನಿಂತರು. ಇದೆಲ್ಲ ನಿಶ್ಚಿಂತೆಯಿಂದ ಮಾಡಿದ ಸಾಧನೆಯೂ ಅಲ್ಲ. ತಾಯಿ ಬೇಗ ತೀರಿಕೊಂಡರು. ಮದುವೆ 16ನೇ ವಯಸ್ಸಿಗೆ, ಗುರುರಾವ್ ಕೌಲಗಿಯವರೊಂದಿಗೆ. ಸಂಸಾರದ ಖರ್ಚು ಬಹುಮಟ್ಟಿಗೆ ಇವರ ಕಛೇರಿಗಳ ಮೇಲೆಯೇ ನಡೆಯಬೇಕಿತ್ತು. ಓದಿದ್ದು ಐದನೇ ಇಯತ್ತೆ.

ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ್. ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಕೊನೆಯವರೆಗೂ ‘ಬಾಯಿ’ಯೇ ಎಂಬರ್ಥದ ಮಾತನ್ನು ಗಂಗೂಬಾಯಿ ಆಡಿದ್ದರು. ದನಿ ಏರಿಸಿ ಆಡಿದ ಮಾತಲ್ಲ. ಆದರೆ ಚುಚ್ಚುವ ಮಾತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ, 96 ತುಂಬಿದ್ದಾಗ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಐದನೇ ಇಯತ್ತೆ ಓದಿದ ಹುಬ್ಬಳ್ಳಿಯ ‘ಗಾನೇವಾಲಿ’ಯ ಹೆಸರಿನಲ್ಲಿ ಇಂದು ಪದವಿ ಪ್ರದಾನವಾಗುತ್ತದೆ.

ಬಾಲೂ, ಗಂಗೂಬಾಯಿ ಇಬ್ಬರಿಗೂ ಹುಟ್ಟೇ ಅಡ್ಡ ಬಂತು ಎನ್ನಬಹುದು. ವಿದ್ಯಾವಂತ ಮನೆತನದಲ್ಲಿ ಹುಟ್ಟಿದ್ದರೆ? ಕಮಲಾ ಭಾಗವತ್ ಹುಟ್ಟಿದ್ದು ಅಂಥ ಮನೆಯಲ್ಲಿ. ತಂದೆ, ದೊಡ್ಡಪ್ಪ-ಚಿಕ್ಕಪ್ಪಂದಿರ ಪೀಳಿಗೆಯಲ್ಲಿ ಇಬ್ಬರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಕಲಿತ ರಸಾಯನ ವಿಜ್ಞಾನಿಗಳು. 1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಅದೇ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕರು ಸರ್ ಸಿ. ವಿ. ರಾಮನ್, ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದವರು. ಹೆಣ್ಣುಮಗಳೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು.

ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಸೇರಿಸಿಕೊಳ್ಳುವ ತನಕ ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಕೂಡುವುದಾಗಿ ಹೇಳಿದರು. ಕಾಲ ಗಾಂಧೀಜಿಯದು, ಸತ್ಯಾಗ್ರಹದ ಮಾತು ಪ್ರಯೋಗಾಲಯದ ಬಾಗಿಲಿಗೂ ಬಂದಿತ್ತು. ರಾಮನ್ ಒಪ್ಪಿದರು, ಷರತ್ತುಗಳೊಂದಿಗೆ. ಒಂದು ವರ್ಷ ಪರೀಕ್ಷಾರ್ಥ. ನಿಯತ ವಿದ್ಯಾರ್ಥಿನಿ ಎಂಬ ಮಾನ್ಯತೆ ಇಲ್ಲ. ಮಾರ್ಗದರ್ಶಕರು ಹೇಳಿದರೆ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಎಂದರೆ ಅಲ್ಲಿಯ ಗಂಡಸರ ಮನಸ್ಸು ಚಂಚಲವಾಗಬಾರದು! ಮನಸ್ಸು ಗಂಡಸರದು, ಅದರ ಜವಾಬ್ದಾರಿ ಮಾತ್ರ ಈಕೆಯದು. ಬಾಲೂ ಅವರ ಮಣ್ಣಿನ ಕುಡಿಕೆಗೂ ಈ ಷರತ್ತಿಗೂ ಬಹಳ ದೂರವಿಲ್ಲ.

ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರು ಬಿಗಿಯಾದರೂ ನ್ಯಾಯವಂತರು. ಅವರ ಕೈಕೆಳಗೆ ಕಮಲಾ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೇ ತೃಪ್ತಿಯಾಯಿತು. ಈಕೆಯನ್ನು ನಿಯತ ವಿದ್ಯಾರ್ಥಿನಿಯಾಗಿ ಒಪ್ಪಿದ್ದಲ್ಲದೆ ಮುಂದೆ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಲೂ ಮನಸ್ಸು ಮಾಡಿದರು. ರಾಮನ್ ತಮ್ಮ ನಿಲುವು ಬದಲಿಸಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಕಮಲಾ ಆ ಅವಮಾನವನ್ನು ಕೊನೆಯವರೆಗೂ ಮರೆಯಲಿಲ್ಲ; ದೊಡ್ಡ ವಿಜ್ಞಾನಿ, ಚಿಕ್ಕ ಮನಸ್ಸು ಎಂಬ ಅರ್ಥದಲ್ಲಿ ನೇರವಾಗಿಯೇ ಹೇಳಿದರು.

1936ರಲ್ಲಿ ಎಂ.ಎಸ್‌ಸಿ. ಮುಗಿಸಿ ಕೇಂಬ್ರಿಜ್‌ಗೆ ಹೋದರು. ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಜಾಗವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕ ತನ್ನ ಮೇಜನ್ನು ಹಗಲು ಈಕೆಗೆ ಬಿಟ್ಟುಕೊಟ್ಟು ತಾನು ರಾತ್ರಿ ಕೆಲಸ ಮಾಡಿದ. ಆಲೂಗೆಡ್ಡೆಯ ಮೇಲೆ ನಡೆಸಿದ ಕೆಲಸದಲ್ಲಿ ಕಮಲಾ ಸಸ್ಯಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆಯೆಂದು ತೋರಿಸಿದರು. ಸರಳವಾಗಿ ಹೇಳುವುದಾದರೆ, ಜೀವಕೋಶ ಉಸಿರಾಡಿ ಶಕ್ತಿ ಪಡೆಯುವ ಕ್ರಿಯೆಯಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ, ಕಬ್ಬಿಣದ ಅಂಶವಿರುವ ಪ್ರೋಟೀನು ಇದು. ಪ್ರಬಂಧ ಬರೀ 40 ಪುಟ. 1939ರಲ್ಲಿ ಪಿಎಚ್.ಡಿ. ಬಂತು. ಆದರೆ ಕೇಂಬ್ರಿಜ್‌ಗೂ ಪೂರ್ತಿ ಮಾರ್ಕು ಕೊಡುವಂತಿಲ್ಲ. ಹೆಂಗಸರನ್ನು ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಅದು ಒಪ್ಪಿದ್ದು 1948ರಲ್ಲಿ.

ದೇಶಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೌಷ್ಟಿಕ ಆಹಾರ ಪ್ರಯೋಗಾಲಯ, 1947ರಲ್ಲಿ ಎಂ. ವಿ. ಸೊಹೋನಿಯವರೊಂದಿಗೆ ಮದುವೆ, ಆಮೇಲೆ ಮುಂಬಯಿಯ ವಿಜ್ಞಾನ ಸಂಸ್ಥೆ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯ ಮೇರೆಗೆ ನೀರಾದ ಪೌಷ್ಟಿಕತೆಯನ್ನು ಪರೀಕ್ಷಿಸಿದರು. ಹುಳಿಯುವ ಮುನ್ನ ಇಳಿಸಿದ ಈ ರಸ ಬಡ ಮಕ್ಕಳಿಗೂ ಬಸುರಿಯರಿಗೂ ಪುಷ್ಟಿ ಕೊಡುತ್ತದೆಂದು ತೋರಿಸಿದರು. ಸಂಸ್ಥೆಯ ನಿರ್ದೇಶಕರ ಹುದ್ದೆ ಕೈಗೆ ಬರಲು ಮಾತ್ರ ನಾಲ್ಕು ವರ್ಷ ಕಾಯಬೇಕಾಯಿತು. ನಿವೃತ್ತಿಯ ನಂತರ ಗ್ರಾಹಕರ ಹಿತಕ್ಕಾಗಿ ದುಡಿದರು, ಆಹಾರದ ಕಲಬೆರಕೆಯ ಬಗ್ಗೆ ಬರೆದರು. 1990ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ತಮ್ಮ ಸನ್ಮಾನ ಸಮಾರಂಭದಲ್ಲೇ ಕುಸಿದುಬಿದ್ದರು, ಮತ್ತೆ ಚೇತರಿಸಿಕೊಳ್ಳಲಿಲ್ಲ.

ಕಮಲಾ ತೆರೆಸಿದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಕೇರಳದ ಅನ್ನಾ ಮಣಿ ಒಬ್ಬರು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಸಿಸಿದರು. ಫೋಟೋ ಪ್ಲೇಟಿನ ಮೇಲೆ ಒಂದು ರೋಹಿತ ಮೂಡಲು ಹದಿನೈದಿಪ್ಪತ್ತು ಗಂಟೆ ಬೇಕು. ಎಷ್ಟೋ ರಾತ್ರಿ ಅಲ್ಲೇ ಮಲಗಿದರು. 1942ರಿಂದ 1945ರೊಳಗೆ ಒಬ್ಬರೇ ಐದು ಪ್ರಬಂಧ ಪ್ರಕಟಿಸಿದರು. ಪಿಎಚ್.ಡಿ.ಗೆಂದು ಸಲ್ಲಿಸಿದ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮಾನ್ಯ ಮಾಡಲಿಲ್ಲ. ಅನ್ನಾ ಮಣಿ ಹವಾಮಾನ ಇಲಾಖೆಗೆ ಹೋಗಿ ಈ ದೇಶದ ಮಳೆ, ಗಾಳಿ, ಬಿಸಿಲನ್ನು ಅಳೆಯುವ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆ ಮಾಡಿದರು. ಪದವಿ ಸಿಗದ್ದರಿಂದ ತಮಗೇನೂ ನಷ್ಟವಾಗಲಿಲ್ಲ ಎನ್ನುತ್ತಿದ್ದರು. ಆ ಮಹಾಪ್ರಬಂಧದ ಪ್ರತಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯವನ್ನು ಸೇರಿತು. ಪದವಿ ಪಡೆದ ಪ್ರಬಂಧಗಳ ಸಾಲಿನಲ್ಲಿ, ಅವುಗಳಂತೆಯೇ ಬೈಂಡು ಹಾಕಿ ಇಟ್ಟಿದ್ದರು. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.